ಅಸುಂತಕ್ಕ ವಕೀಲರನ್ನು ಆರಿಸಿದ ಬಗೆ

ನಮ್ಮ ಬೀದಿಯಲ್ಲಿ ಪ್ರತಿ ಮನೆಗೂ ಎರಡು ಅಡುಗೆಮನೆ. ಮೇಲಿನದು ನೋಡುವುದಕ್ಕೆ, ಕೆಳಗಿನದು ಬೇಯಿಸುವುದಕ್ಕೆ. ಮೇಲಿನ ಒಲೆಯ ಮೇಲೆ ಒಂದು ಹನಿ ಎಣ್ಣೆ ಬಿದ್ದದ್ದನ್ನು ಯಾರೂ ಕಂಡಿಲ್ಲ. ನೆಲಮಾಳಿಗೆಯ ಒಲೆ ಮಾತ್ರ ಬೆಳಗಿನ ಐದೂವರೆಗೆ ಹೊತ್ತಿದರೆ ರಾತ್ರಿಯ ಕೊನೆಯ ತಟ್ಟೆ ಒರೆಸಿಡುವವರೆಗೂ ಆರುವುದಿಲ್ಲ. ಇಟಲಿಯಿಂದ ಬ್ರೂಕ್ಲಿನ್ನಿಗೆ ಬಂದಿಳಿದ ನಮ್ಮ ತಾಯಂದಿರು ಈ ಪದ್ಧತಿಯನ್ನು ಯಾಕೆ ಶುರುಮಾಡಿದರೋ ಗೊತ್ತಿಲ್ಲ. ಹೆಂಗಸರು ದಿನವೆಲ್ಲ ನೆಲದ ಕೆಳಗೆ ಕಳೆಯುತ್ತಾರೆ. ಮೇಲೆ ಮನೆ ತನ್ನಷ್ಟಕ್ಕೆ ತಾನೇ ಚೊಕ್ಕಟವಾಗಿರುವ ಹಾಗೆ ಕಾಣುತ್ತದೆ.

ಅಸುಂತಾ ಕಾರ್ಡಿಲ್ಲೊ ಅವರ ಮನೆಯ ಮೂರನೆಯ ಮಹಡಿಯಲ್ಲಿ ನಾನು ಹನ್ನೆರಡು ವರ್ಷ ಬಾಡಿಗೆಗಿದ್ದೆ. ಕೋಟು ಹೊಲಿಯುವ ಕಾರ್ಖಾನೆಯಲ್ಲಿ ನನ್ನ ಕೆಲಸ. ನನಗೆ ಅವರು ಅಸುಂತಕ್ಕ. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಆದ್ದರಿಂದ ಗ್ಯಾಸಿನ ಬಿಲ್ಲಿನಿಂದ ಹಿಡಿದು ಚರ್ಚಿನ ಚೀಟಿಯವರೆಗೆ ಎಲ್ಲವನ್ನೂ ನಾನೇ ಓದಿ ಹೇಳಬೇಕಿತ್ತು.

ಅವರಿಗೊಂದು ಅಭ್ಯಾಸವಿತ್ತು. ನಲ್ಲಿಯನ್ನು ಬೇಕಾದಷ್ಟು ಹೊತ್ತಿಗಿಂತ ಒಂದು ಕ್ಷಣವೂ ಹೆಚ್ಚು ಬಿಡುತ್ತಿರಲಿಲ್ಲ. ಹುಟ್ಟಿದ ಊರು ಗುಡ್ಡದ ತುದಿಯಲ್ಲಿ, ನೀರಿನ ಬುಗ್ಗೆ ಗುಡ್ಡದ ಬುಡದಲ್ಲಿ. ಏಳನೆಯ ವಯಸ್ಸಿನಿಂದ ಇಪ್ಪತ್ತೆರಡರವರೆಗೆ ದಿನಕ್ಕೆ ಮೂರು ಸಲ ತಾಮ್ರದ ಕೊಡ ತಲೆಯ ಮೇಲೆ ಹೊತ್ತು ಹತ್ತಿದ್ದರು. ಮದುವೆಯಾಗಿ ಬ್ರೂಕ್ಲಿನ್ನಿಗೆ ಬಂದು ಮೊದಲ ಸಲ ನಲ್ಲಿ ತಿರುಗಿಸಿದಾಗ ಅತ್ತುಬಿಟ್ಟೆ ಅಂತ ಒಂದು ಸಲ ಹೇಳಿದ್ದರು. ನಾನು ಹಲ್ಲುಜ್ಜುವಾಗ ನೀರು ಬಿಟ್ಟುಕೊಂಡಿದ್ದರೆ ಎರಡು ಮಹಡಿ ಕೆಳಗಿನಿಂದ ಕೊಳವೆಯ ಸದ್ದಿನಲ್ಲೇ ಕಂಡುಹಿಡಿದು ಕೂಗುತ್ತಿದ್ದರು: "ನಿಕೊಲೆಟ್ಟಾ! ಹಲ್ಲುಜ್ತಿದೀಯೋ, ಹಡಗು ತೇಲಿಸ್ತಿದೀಯೋ?"

ಗಂಡ ಗೈತಾನೊ ಬಂದರಿನ ಕೂಲಿಗಾರರ ಸಂಘದಲ್ಲಿ ಪದಾಧಿಕಾರಿ. ಆ ಸಂಘವನ್ನು ನಡೆಸುತ್ತಿದ್ದವನು ಲಿಬೊರಿಯೊ. ಬೀದಿಗೆಲ್ಲ ಲಿಬೊರಿಯೊ ಮಾಮ. ಎಪ್ಪತ್ತನಾಲ್ಕು ವರ್ಷ, ಎದೆನೋವು, ಬೂದು ಬಣ್ಣದ ಟೋಪಿ. ಹಡಗಿನಲ್ಲಿ ಬಂದ ಹಣ್ಣು ಕೊಳೆಯದೆ ದಡ ಸೇರಬೇಕಾದರೆ ವ್ಯಾಪಾರಿಗಳು ಮಾಮನನ್ನು ಕಾಣಬೇಕಿತ್ತು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದೆ ಅಂತ ಯಾರೂ ಹೇಳುತ್ತಿರಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಮಾಮ, ಗೈತಾನೊ ಮತ್ತು ಇನ್ನೂ ಆರು ಜನ ಅಸುಂತಕ್ಕನ ನೆಲಮಾಳಿಗೆಯ ಮೇಜಿನ ಸುತ್ತ ಸೇರುತ್ತಿದ್ದರು. ಊಟ ಮುಗಿಯುತ್ತಿದ್ದಂತೆ ಮಾಮ, "ಅಸುಂತಾ, ನೀರು ಬಿಡಮ್ಮ" ಅನ್ನುತ್ತಿದ್ದ. ಪೊಲೀಸರು ಗೋಡೆಯಲ್ಲಿ ಯಂತ್ರವಿಟ್ಟು ಮಾತು ಕದಿಯುತ್ತಾರೆ, ನೀರಿನ ಸದ್ದಿದ್ದರೆ ಮಾತು ಮುಳುಗುತ್ತದೆ ಎಂಬುದು ಆ ಗಂಡಸರ ನಂಬಿಕೆ. ಅಸುಂತಕ್ಕನಿಗೆ ಹೇಗೂ ಪಾತ್ರೆ ತೊಳೆಯಬೇಕಿತ್ತು. ನೀರು ಬಿಡುತ್ತಿದ್ದರು.

ಯಂತ್ರ ನಿಜವಾಗಿಯೂ ಇತ್ತು. ಬಾಯ್ಲರಿನ ಹಿಂದೆ.

ಸಾವಿರದ ಒಂಬೈನೂರ ಎಂಬತ್ತೇಳರ ಮಾರ್ಚಿನ ಒಂದು ಬೆಳಗ್ಗೆ ಆರು ಗಂಟೆಗೆ ಕೇಂದ್ರ ಪೊಲೀಸರು ಬಂದರು. ಗೈತಾನೊನನ್ನು ಕರೆದೊಯ್ಯಲು ಬಂದಿದ್ದಾರೆ ಅಂದುಕೊಂಡು ಅಸುಂತಕ್ಕ ಅವನ ಕೋಟು, ಮಾತ್ರೆ, ಕನ್ನಡಕ ತಂದುಕೊಟ್ಟರು. ಅಧಿಕಾರಿ, "ನೀವೂ ಬರಬೇಕು" ಅಂದ. "ನಾನ್ಯಾಕೆ? ಒಲೆ ಮೇಲೆ ಬೀನ್ಸ್ ಇದೆ" ಅಂದರು. ಒಲೆ ಆರಿಸುವುದಕ್ಕೆ ಅವನು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಮನೆಯನ್ನೇ ಜಾಮೀನಿಗಿಟ್ಟು ಇಬ್ಬರೂ ಹೊರಬಂದರು. ಮರುದಿನದ ಪತ್ರಿಕೆಯಲ್ಲಿ ಒಂದು ನಕ್ಷೆ: ಮೇಲೆ ಮಾಮನ ಮುಖ, ಅದರ ಕೆಳಗೆ ಏಳು ಗಂಡಸರು, ಎಲ್ಲರಿಗಿಂತ ಕೆಳಗೆ ಪೊರಕೆ ಹಿಡಿದು ಮೆಟ್ಟಿಲ ಮೇಲೆ ನಿಂತ ಅಸುಂತಕ್ಕ. ಬೀದಿಯ ತುಂಬ ಕ್ಯಾಮೆರಾದವರು.

ಮಗಳು ಒರ್ನೆಲ್ಲಾ ನ್ಯೂಜೆರ್ಸಿಯಿಂದ ಓಡಿಬಂದಳು. ಹೆದರಿದಾಗ ತಮಾಷೆ ಮಾಡುವುದು ಅವಳ ಸ್ವಭಾವ. "ಅಮ್ಮಾ, ನಿಂಗೆ ಪದವಿ ಕೊಟ್ಬಿಟ್ಟಿದಾರಲ್ಲೇ! ಅಪ್ಪನಿಗಿಂತ ಒಂದೇ ಒಂದು ಮೆಟ್ಟಿಲು ಕೆಳಗೆ."

ಆರೋಪಪಟ್ಟಿಯನ್ನು ನಾನು ಓದಿ ಹೇಳಿದೆ. ಒಬ್ಬೊಬ್ಬರ ಒಂದೊಂದು ತಪ್ಪನ್ನಲ್ಲ, ಇಡೀ ಕೂಟವನ್ನೇ ಒಟ್ಟಿಗೆ ಹಿಡಿದು ಕಟಕಟೆಗೆ ತರುವ ಕಾನೂನು ಅದು. ಒಂಬತ್ತನೆಯ ಆರೋಪಿ ಕೂಟಕ್ಕೆ ಜಾಗ ಒದಗಿಸಿದ್ದಾಳೆ, ಸದಸ್ಯರ ಊಟೋಪಚಾರ ನೋಡಿಕೊಂಡಿದ್ದಾಳೆ, ನಲವತ್ತೊಂದು ಸಲ ಬೇಕೆಂದೇ ನಲ್ಲಿಯ ನೀರು ಹರಿಸಿ ತನಿಖೆಗೆ ಅಡ್ಡಿ ಮಾಡಿದ್ದಾಳೆ ಎಂದು ಬರೆದಿತ್ತು.

"ಊಟೋಪಚಾರ ಅಂತಾನೂ ಬರ್ದಿದಾರಾ?"

"ಬರ್ದಿದಾರೆ ಅಕ್ಕ."

"ಮೂವತ್ತೊಂಬತ್ತು ವರ್ಷದಲ್ಲಿ ನಾನು ಮಾಡಿದ್ದನ್ನ ಕೆಲಸ ಅಂತ ಬರೆದವರು ಇವರೇ ಮೊದಲು, ನೋಡು." ಬಟ್ಟೆ ಎತ್ತಿಕೊಂಡು ಮೇಜು ಒರೆಸಿದರು. "ಎಷ್ಟು ವರ್ಷ ಹಾಕ್ತಾರಂತೆ?"

"ಸಾಬೀತಾದ್ರೆ ಇಪ್ಪತ್ತು."

ಅವರಿಗಾಗ ಅರವತ್ತೊಂದು. ಲೆಕ್ಕ ಬಾಯಲ್ಲಿ ಹೇಳಲಿಲ್ಲ. ಒರೆಸಿದ್ದ ಮೇಜನ್ನೇ ಮತ್ತೊಮ್ಮೆ ಒರೆಸಿದರು.

ಮುಂದಿನ ಭಾನುವಾರ ಮಾಮ ವಕೀಲನನ್ನು ಕರೆತಂದ. ಹೆಸರು ಕ್ರೆಸ್ಲರ್. ಇಂಥ ದೊಡ್ಡ ಮೊಕದ್ದಮೆಗಳಲ್ಲಿ ಹೆಸರು ಮಾಡಿದವನು. ರೇಷ್ಮೆ ಟೈ, ಟಿವಿಯವರ ಮುಂದೆ ನಿಂತು ಅಭ್ಯಾಸವಾದ ಧ್ವನಿ. ನಮ್ಮಲ್ಲಿ ಇದೂ ಒಂದು ಪದ್ಧತಿ. ಮಾಮನ ಜನ ಸಿಕ್ಕಿಬಿದ್ದರೆ ವಕೀಲನನ್ನು ಗೊತ್ತುಮಾಡುವವನು ಮಾಮನೇ. ಒಂಬತ್ತು ಜನಕ್ಕೂ ಕ್ರೆಸ್ಲರ್ ಮತ್ತು ಅವನ ಕಚೇರಿಯ ಕಿರಿಯರು. ಅದನ್ನು ಜನ ಉಪಕಾರ ಅಂದುಕೊಳ್ಳುತ್ತಿದ್ದರು. ಎಲ್ಲರ ಬಾಯಿಗೂ ಒಂದೇ ಬೀಗ ಹಾಕುವ ಉಪಾಯ ಅದು ಅಂತ ನನಗೆ ಹೊಳೆದದ್ದು ಆಮೇಲೆ.

ಮೇಲಿನ ಹಾಲಿನಲ್ಲಿ, ಪ್ಲಾಸ್ಟಿಕ್ ಹೊದಿಸಿದ ಸೋಫಾಗಳ ಮೇಲೆ ಗಂಡಸರು ಕೂತಿದ್ದರು. ಆರೋಪಿಯಾಗಿದ್ದರೂ ಅಸುಂತಕ್ಕನೇ ಕೆಳಗಿನಿಂದ ಕಾಫಿ ಹೊತ್ತು ತಂದರು. ಕ್ರೆಸ್ಲರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈ ಜೋಡಿಸಿದ.

"ಅಮ್ಮಾ, ನಮ್ಮ ಮೊಕದ್ದಮೆಗೆ ನೀವೇ ದೇವರು. ಕಪ್ಪು ಬಟ್ಟೆ ಹಾಕ್ಕೊಂಡು, ಕೈಯಲ್ಲಿ ಜಪಮಾಲೆ ಹಿಡ್ಕೊಂಡು, ಮಾಮನ ಪಕ್ಕ ಕೂತ್ಕೊಳಿ. ತೀರ್ಪು ಹೇಳೋ ಹನ್ನೆರಡು ಜನಕ್ಕೂ ಅವರವರ ಅಜ್ಜಿ ನೆನಪಾಗ್ಬೇಕು."

"ನಲ್ಲಿ ವಿಷಯ ಏನು ಹೇಳ್ತೀರಿ?" ಅಂತ ಅಸುಂತಕ್ಕ ಕೇಳಿದರು.

"ಅದರ ಸುದ್ದಿಗೇ ಹೋಗಲ್ಲ. ಟೇಪಿನಲ್ಲಿರೋದು ಯಾವ್ದೂ ಸರಿಯಾಗಿ ಕೇಳ್ಸಲ್ಲ ಅಂತ ಸಾಧಿಸ್ತೀವಿ. ಒಂದೇ ಮೇಜು, ಒಂದೇ ಮಾತು."

"ನಾನು ಬೇಕಂತ ಬಿಟ್ಟೆನೋ ಇಲ್ವೋ ಅಂತ ನೀವು ಕೇಳ್ಲೇ ಇಲ್ವಲ್ಲ."

ಕ್ರೆಸ್ಲರ್ ನಕ್ಕ. ಗೈತಾನೊ ಮಧ್ಯೆ ಬಾಯಿಹಾಕಿದ. "ದೊಡ್ಡ ವಕೀಲರಿಗೆ ನೀನು ಪಾಠ ಹೇಳ್ಬೇಡ. ಬಿಸ್ಕತ್ತು ತಗೊಂಡು ಬಾ."

ಹೊರಡುವಾಗ ಮಾಮ ಅಕ್ಕರೆಯಿಂದ ಹೇಳಿದ. "ವಿಚಾರಣೆ ಮೂರು ನಾಲ್ಕು ತಿಂಗಳು ನಡೆಯುತ್ತಂತೆ. ಕೋರ್ಟಿನ ಕ್ಯಾಂಟೀನು ಬಾಯಿಗಿಡೋ ಹಾಗಿಲ್ಲ. ಮಧ್ಯಾಹ್ನಕ್ಕೆ ನಿನ್ನ ಕೈಯ ಮೆಣಸಿನಕಾಯಿ-ಮೊಟ್ಟೆ ತುಂಬಿದ ಬ್ರೆಡ್ಡು ಇದ್ರೆ ಸಾಕಮ್ಮ. ನಮಗೆ ಒಂಬತ್ತು, ವಕೀಲರಿಗೆ ನಾಲ್ಕು."

ಆ ಸಂಜೆ ನಾನು ಕೆಳಗಿಳಿದಾಗ ಅಸುಂತಕ್ಕ ಕಾಫಿ ಕಪ್ಪುಗಳನ್ನು ಬಡಬಡ ತೊಳೆಯುತ್ತಿದ್ದರು.

"ಜೈಲಿಗೆ ಹೋಗೋ ದಾರೀಲೂ ಹದಿಮೂರು ಜನಕ್ಕೆ ಬುತ್ತಿ ಕಟ್ಕೊಂಡು ಹೋಗ್ಬೇಕಂತೆ ಕಣೇ," ಅಂದರು. "ನಂಗೆ ಬೇರೆ ವಕೀಲರು ಬೇಕು. ನಾಳೆ ನಿಂಗೆ ರಜಾ ಸಿಗುತ್ತಾ?"

"ಯಾರನ್ನ ಅಂತ ಹುಡುಕೋದು ಅಕ್ಕ?"

"ಮೀನು ತರೋವಾಗ ಹೇಗೆ ಹುಡುಕ್ತೀವಿ? ಹೋಗಿ ಮುಂದೆ ನಿಂತು ನೋಡೋದು."

ಆಗ ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿ ನಮ್ಮನ್ನು ವಾರಕ್ಕೆ ಮೂರೇ ದಿನ ಕರೆಯುತ್ತಿದ್ದರು. ಉಳಿದ ದಿನಗಳಲ್ಲಿ, ಎರಡು ವಾರ, ನಾವಿಬ್ಬರೂ ಕೋರ್ಟಿನ ಹಿಂದಿನ ಬೆಂಚುಗಳಲ್ಲಿ ಕೂತೆವು. ಯಾರ ಮೊಕದ್ದಮೆಯಾದರೂ ಸರಿ. ಅಸುಂತಕ್ಕ ಕ್ರೋಶಾ ಕಡ್ಡಿ ಹಿಡಿದು ಮೇಜುಬಟ್ಟೆಯ ಅಂಚು ಹೆಣೆಯುತ್ತಾ ವಕೀಲರನ್ನು ನೋಡುತ್ತಿದ್ದರು. ಅವರ ತೀರ್ಪುಗಳು ಗಟ್ಟಿಯಾಗಿಯೇ ಇರುತ್ತಿದ್ದವು. ಸುಮ್ಮನಿರಿ ಅಂತ ಕಾವಲುಗಾರ ಎರಡು ಸಲ ಗದರಿಸಿದ.

"ಇವನು ಬೇಡ. ಕಾಗದ ಎಲ್ಲಿದೆ ಅಂತ ಅವನಿಗೇ ಗೊತ್ತಿಲ್ಲ. ಹಿಂದೆ ನಿಂತಿದಾಳಲ್ಲ, ಆ ಹುಡುಗಿ ಎತ್ತಿಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ."

"ಈತ?"

"ಕೂಗ್ತಾನೆ. ನಮ್ಮನೇಲೇ ಒಬ್ಬ ಇದಾನಲ್ಲ, ಸಾಕು."

ನಡುವೆ ಒರ್ನೆಲ್ಲಾ ತಾನೇ ಒಬ್ಬನನ್ನು ಹುಡುಕಿದಳು. ವಿಟ್ಲಾಕ್ ಅಂತ, ಮೊದಲು ಸರ್ಕಾರದ ಪರ ವಾದಿಸುತ್ತಿದ್ದವನು, ಈಗ ಮ್ಯಾನ್‌ಹಟನ್ನಿನ ಮೂವತ್ತನೆಯ ಮಹಡಿಯಲ್ಲಿ ಸ್ವಂತ ಕಚೇರಿ. ಮೊದಲ ಭೇಟಿಗೆ ಫೀಸಿಲ್ಲ. ಅವನು ಆರೋಪಪಟ್ಟಿಯನ್ನು ತೆರೆಯಲೂ ಇಲ್ಲ.

"ಇಂಥ ಮೊಕದ್ದಮೆಯಲ್ಲಿ ಒಂದೇ ದಾರಿ ಅಮ್ಮಾ. ಎಲ್ಲರಿಗಿಂತ ಮೊದಲು ಸರ್ಕಾರದ ಕಡೆ ಓಡಬೇಕು. ಕೇಳಿಸಿಕೊಂಡದ್ದನ್ನೆಲ್ಲ ಹೇಳಿ, ನಿಮ್ಮನ್ನ ಬಿಟ್ಟುಬಿಡ್ತಾರೆ."

"ನಾನು ಬೆನ್ನು ತಿರುಗಿಸಿ, ನೀರಿನ ಸದ್ದಿನಲ್ಲಿ ಪಾತ್ರೆ ಉಜ್ತಿದ್ದೆ. ಏನು ಕೇಳಿಸ್ಕೊಂಡಿರ್ತೀನಿ?"

"ನೆನಪು ಮಾಡ್ಕೊಂಡ್ರೆ ಬರುತ್ತೆ."

"ಬರದಿದ್ರೆ ಕಟ್ಟಿ ಹೇಳ್ಬೇಕಾ?"

ವಿಟ್ಲಾಕ್ ಗಡಿಯಾರ ನೋಡಿಕೊಂಡ. ಲಿಫ್ಟಿನಲ್ಲಿ ಇಳಿಯುವಾಗ ಒರ್ನೆಲ್ಲಾ ಅಳುತ್ತಾ ಜಗಳವಾಡಿದಳು. "ನಿಂಗೆ ಅಪ್ಪನ್ನ ಉಳಿಸ್ಬೇಕು, ಅಷ್ಟೇ ತಾನೇ?" ಅಸುಂತಕ್ಕ, "ನಿಮ್ಮಪ್ಪನ ವಿಷಯ ನಿಮ್ಮಪ್ಪ ನೋಡ್ಕೊಳ್ಲಿ. ನಾನು ಮಾಡ್ದೇ ಇರೋದನ್ನ ಮಾಡ್ದೆ ಅನ್ನೋದೂ ಇಲ್ಲ, ಕೇಳ್ದೇ ಇರೋದನ್ನ ಕೇಳ್ದೆ ಅನ್ನೋದೂ ಇಲ್ಲ. ಒಬ್ಬ ನನ್ನ ಬಾಯಿ ಮುಚ್ಚು ಅಂತಾನೆ, ಇನ್ನೊಬ್ಬ ಸುಮ್ಮನೆ ತೆರಿ ಅಂತಾನೆ. ಒಳಗೇನಿದೆ ಅಂತ ಇಬ್ಬರೂ ಕೇಳ್ಲಿಲ್ಲ" ಅಂದರು.

ಹ್ಯಾರಿಯೆಟ್ ಡೌಡ್‌ಳನ್ನು ನಾವು ಕಂಡದ್ದು ಎರಡನೆಯ ವಾರದ ಗುರುವಾರ. ಐವತ್ತರ ಆಸುಪಾಸಿನ ಕಪ್ಪು ಹೆಂಗಸು. ವಕೀಲರಿಗೆ ಕೊಡುವ ಶಕ್ತಿಯಿಲ್ಲದವರಿಗೆ ಕೋರ್ಟೇ ನೇಮಿಸುವ ಪಟ್ಟಿಯಲ್ಲಿದ್ದವಳು. ನಾವು ತರಕಾರಿ ತರಲು ಎಳೆದುಕೊಂಡು ಹೋಗುವ ಎರಡು ಚಕ್ರದ ತಂತಿಬುಟ್ಟಿಯಲ್ಲಿ ಕಡತಗಳನ್ನು ತುಂಬಿಕೊಂಡು ತಾನೇ ಎಳೆದು ತಂದಳು. ಒಬ್ಬ ಲಾರಿ ಸಹಾಯಕನ ಪರ ವಾದಿಸುತ್ತಿದ್ದಳು. ಅವನು ಕಳ್ಳಮಾಲಿನ ಪೆಟ್ಟಿಗೆ ಇಳಿಸಿದ್ದನ್ನು ಕಂಡೆ ಅಂತ ಒಬ್ಬ ಸಾಕ್ಷಿ ಹೇಳಿದ್ದ. ಅವಳು ಕೂಗಲಿಲ್ಲ.

"ಪೆಟ್ಟಿಗೆಯನ್ನ ಒಂದು ಕೈಲಿ ಹಿಡಿದಿದ್ನಾ, ಎರಡು ಕೈಲಾ?"

"ಎರಡು ಕೈಲಿ."

"ಹಾಗಾದ್ರೆ ಲಾರಿ ಬಾಗಿಲನ್ನ ಯಾರು ಹಿಡಿದಿದ್ರು? ಆ ಬಾಗಿಲು ತಾನಾಗಿ ನಿಲ್ಲಲ್ಲ. ನಾನು ಹೋಗಿ ನೋಡಿಬಂದೆ."

ಅಸುಂತಕ್ಕನ ಕ್ರೋಶಾ ಕಡ್ಡಿ ನಿಂತಿತು. "ಹೋಗಿ ನೋಡಿಬಂದಿದಾಳೆ," ಅಂತ ನನ್ನ ಮೊಣಕೈ ಹಿಡಿದು ಅಲುಗಿಸಿದರು.

ಹೊರಗೆ ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದೆವು. ಅಸುಂತಕ್ಕನ ಹೆಸರು ಕೇಳಿದ ಕೂಡಲೇ ಡೌಡ್ ಗುರುತು ಹಿಡಿದಳು. ಊರಿಗೆಲ್ಲ ಗೊತ್ತಿದ್ದ ಮೊಕದ್ದಮೆ. "ನಿಮಗೆ ಈಗಾಗಲೇ ವಕೀಲರಿದಾರೆ, ಮಿಸೆಸ್ ಕಾರ್ಡಿಲ್ಲೊ."

"ಇದಾರೆ. ನಾನು ಆರಿಸಿದ್ದಲ್ಲ. ನಂಗೆ ಕೊಡೋಕೆ ಏನೂ ಇಲ್ಲ. ಮನೆ ಗಂಡನ ಹೆಸರಲ್ಲಿದೆ, ಬ್ಯಾಂಕು ಗಂಡನ ಹೆಸರಲ್ಲಿದೆ."

"ಹಾಗಿದ್ರೆ ನೀವು ನನ್ನ ಪಟ್ಟಿಗೆ ಬರ್ತೀರಿ," ಅಂದಳು ಡೌಡ್. ತನ್ನ ಹೆಸರಿನಲ್ಲಿ ಏನೂ ಇಲ್ಲದ್ದು ಅಸುಂತಕ್ಕನಿಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. "ಮುಂದಿನ ತಿಂಗಳು ನ್ಯಾಯಾಧೀಶರು ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳ್ತಾರೆ, ಎಲ್ಲರಿಗೂ ಒಬ್ಬನೇ ವಕೀಲನಾದ್ರೆ ಒಪ್ಪಿಗೆನಾ ಅಂತ. ಬೇಡ ಅಂತ ಅಲ್ಲಿ ನಿಮ್ಮ ಬಾಯಿಂದಲೇ ಬರಬೇಕು. ಎಲ್ಲರ ಎದುರಿಗೆ. ಅಲ್ಲೀವರೆಗೆ ನಾನು ನಿಮ್ಮ ವಕೀಲೆ ಅಲ್ಲ. ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಆ ಟೇಪುಗಳನ್ನ ನೀವು ಕೇಳಿದೀರಾ?"

"ನಾನ್ಯಾಕೆ ಕೇಳ್ಲಿ? ಗಂಡಸರ ಮಾತು."

"ನೀವೂ ಇದೀರಿ ಅದರಲ್ಲಿ."

ಟೇಪುಗಳ ಒಂದು ಪೆಟ್ಟಿಗೆ ಪ್ರತಿ ಆರೋಪಿಗೂ ಬಂದಿತ್ತು. ಅಸುಂತಕ್ಕನ ಪಾಲಿನದನ್ನು ಗೈತಾನೊ ಮೆಟ್ಟಿಲ ಕೆಳಗೆ ತಳ್ಳಿದ್ದ. ಅದನ್ನು ನನ್ನ ಕೋಣೆಗೆ ಹೊತ್ತು ತಂದು, ಆರು ಮಧ್ಯಾಹ್ನ ಕೂತು ಕೇಳಿದೆವು. ಜೊತೆಗೆ ಸರ್ಕಾರದವರು ಟೈಪ್ ಮಾಡಿಸಿದ ಬರಹ. ಅದರಲ್ಲಿ ಗಂಡಸರ ಪ್ರತಿ ಗೊಣಗಾಟಕ್ಕೂ ಒಂದು ಸಾಲಿತ್ತು. ಅಸುಂತಕ್ಕ ಇರುವ ಕಡೆಯೆಲ್ಲ ಒಂದೇ ಮಾತು: ‘ಪಾತ್ರೆಗಳ ಸದ್ದು’.

ಅಸುಂತಕ್ಕನಿಗೆ ಅದು ಬರೀ ಸದ್ದಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದರು. "ಇದು ಹಿಡಿ ಸಡಿಲವಾಗಿರೋ ಬಾಣಲೆ. ಇದು ಚೀಸು ತುರಿಯೋದು, ಹಲ್ಲಿನ ಸಂದಿ ಉಜ್ತಿದೀನಿ. ಇದು ಎಂಟು ಕಪ್ಪು, ಎಣಿಸ್ಕೋ ಬೇಕಿದ್ರೆ." ಮೂರನೆಯ ದಿನ ನಡುವೆ ತಟ್ಟನೆ ಕಣ್ಣು ಬಿಟ್ಟರು. "ಹಿಂದಕ್ಕೆ ತಿರುಗಿಸು."

ತಿರುಗಿಸಿದೆ. ಮಾಮನ ಧ್ವನಿ: ಅಸುಂತಾ, ನೀರು ಬಿಡಮ್ಮ. ನೀರು. ಪಾತ್ರೆ. ಹನ್ನೊಂದು ನಿಮಿಷ. ಕೊನೆಯ ಕಪ್ಪು ಮಗುಚಿಟ್ಟ ಸದ್ದು. ಆಮೇಲೆ ನಲ್ಲಿ ಕಿರ್ ಅಂದು ನೀರು ನಿಂತಿತು, ಅಸುಂತಕ್ಕ ಮೆಟ್ಟಿಲು ಹತ್ತಿ ಮೇಲೆ ಹೋದ ಸದ್ದು. ಆಮೇಲೆ ಗಂಡಸರು, ಗಂಟೆಯ ದನಿಯಷ್ಟು ಸ್ಪಷ್ಟವಾಗಿ, ಮುಕ್ಕಾಲು ಗಂಟೆ ಮಾತಾಡಿದರು. ಯಾವ ಹಡಗು, ಯಾವ ವ್ಯಾಪಾರಿ, ಯಾರನ್ನು ಹೇಗೆ ಹೆದರಿಸಬೇಕು, ಎಲ್ಲವೂ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉಳಿದ ಮಧ್ಯಾಹ್ನಗಳಲ್ಲಿ ಉಳಿದವನ್ನೂ ಕೇಳಿದೆವು; ನಲವತ್ತೊಂದು ಟೇಪಿನಲ್ಲೂ ಅದೇ. ಪಾತ್ರೆ ಮುಗಿದ ಮೇಲೆ ಅವರು ನಲ್ಲಿ ನಿಲ್ಲಿಸಿದ್ದರು. ನಿಲ್ಲಿಸದೆ ಇರಲು ಆ ಕೈಗೆ ಬರುತ್ತಲೇ ಇರಲಿಲ್ಲ. ಎಂಟು ಗಂಡಸರಲ್ಲಿ ಒಬ್ಬನಿಗೂ ನೀರು ನಿಂತದ್ದು ಗೊತ್ತಾಗಿರಲಿಲ್ಲ. ನೀರು ಬಿಡು ಅಂತ ಹೇಳಿದರೆ ಮುಗಿಯಿತು. ಅಲ್ಲಿಂದಾಚೆ ಅದು ಹೆಂಗಸಿನ ಕೆಲಸ.

ಇದನ್ನು ಫೋನಿನಲ್ಲಿ ಹೇಳಿದ ಮೇಲೆ, ಇನ್ನೂ ನೇಮಕವಾಗದಿದ್ದರೂ, ಡೌಡ್ ಮುಂದಿನ ವಾರ ಬಂದಳು. ಗೈತಾನೊ ಮಾತ್ರೆ ತರಲು ಹೋಗಿದ್ದ. ಅಭ್ಯಾಸದಿಂದ ಅಸುಂತಕ್ಕ ಅವಳನ್ನು ಮೇಲಿನ ಸೋಫಾದ ಕಡೆ ಕರೆದರು. ಅವಳು, "ಇಲ್ಲಲ್ಲ, ನಲ್ಲಿ ಎಲ್ಲಿದೆ?" ಅಂದಳು. ನೆಲಮಾಳಿಗೆಗೆ ಇಳಿದು ನಾಲ್ಕೂ ಮೂಲೆ ನೋಡಿದಳು. ಎಂಟು ಜನರ ಊಟದ ಪಾತ್ರೆಗಳನ್ನು ತೆಗೆಸಿ, ಸಾಸು ಮೆತ್ತಿಸಿ, "ತೊಳೀರಿ" ಅಂದು ಕೈಗಡಿಯಾರ ಹಿಡಿದು ನಿಂತಳು. ಹನ್ನೊಂದು ನಿಮಿಷ, ಹತ್ತು ಸೆಕೆಂಡು. ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಒರೆಸುವ ಬಟ್ಟೆ ತಾನೇ ಎತ್ತಿಕೊಂಡು ತಟ್ಟೆಗಳನ್ನು ಒರೆಸುತ್ತಾ ಮಾತಾಡಿದಳು.

"ಮಾತು ಮುಚ್ಚಿಡಬೇಕು ಅನ್ನೋಳು ಮಾತು ಶುರುವಾಗೋ ಹೊತ್ತಿಗೆ ನೀರು ನಿಲ್ಲಿಸ್ತಾಳಾ? ಕೇಳೋಕೆ ಇಷ್ಟೇ ಇರೋದು. ಆದ್ರೆ ಈ ಪ್ರಶ್ನೆನ ಕ್ರೆಸ್ಲರ್ ಕೇಳೋಕಾಗಲ್ಲ. ಟೇಪಿನಲ್ಲಿ ಏನೂ ಕೇಳ್ಸಲ್ಲ ಅನ್ನೋದು ಅವನ ವಾದ. ನಿಮ್ಮನ್ನ ಉಳಿಸೋದು ಅದು ಚೆನ್ನಾಗಿ ಕೇಳ್ಸುತ್ತೆ ಅನ್ನೋದೇ."

"ಹಾಗಾದ್ರೆ ನಾನು ಅವರ ಮೇಲೆ ಸಾಕ್ಷಿ ಹೇಳ್ಬೇಕಾ?"

"ಬೇಡ. ಸಾಕ್ಷಿ ಹೇಳೋದು ನಿಮ್ಮ ಪಾತ್ರೆಗಳು."

ಅವಳು ಹೋದ ಮೇಲೆ ಅಸುಂತಕ್ಕ ಅವಳು ಒರೆಸಿಟ್ಟ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಅಂಚು ಒರೆಸಿಲ್ಲ," ಅಂದರು. "ಇರ್ಲಿ. ವಕೀಲಿ ಚೆನ್ನಾಗಿ ಮಾಡ್ತಾಳೆ."

ಗೈತಾನೊಗೆ ಅಂದೇ ಹೇಳಿದರು. ಬಚ್ಚಿಟ್ಟು ಮಾಡುವುದು ಅವರ ಸ್ವಭಾವವಲ್ಲ. ಅವನ ಮುಖ ಕೆಂಪಾಯಿತು.

"ಅಂದ್ರೆ ನೀನು ನೀರುಳಿಸೋಕೆ ಹೋಗಿ ನಮ್ಮನ್ನೆಲ್ಲ ನೇಣಿಗೆ ಹಾಕ್ದೆ!"

"ಎಂಟು ಜನ ಕೂತಿದ್ರಿ. ನೀರು ನಿಂತಿದ್ದು ಒಬ್ಬರ ಕಿವಿಗೂ ಬೀಳ್ಲಿಲ್ಲ. ಎದ್ದು ತಿರುಗಿಸೋಕೆ ಕೈ ಇರ್ಲಿಲ್ವಾ?"

"ಮಾಮನಿಗೆ ಏನಂತ ಮುಖ ತೋರಿಸ್ಲಿ?"

"ಮೂವತ್ತೊಂಬತ್ತು ವರ್ಷದಿಂದ ತೋರಿಸ್ತಿರೋದನ್ನೇ ತೋರ್ಸು. ನನಗೆ ಇಪ್ಪತ್ತು ವರ್ಷ ಅಂದಾಗ ನೀನು ಬಿಸ್ಕತ್ತು ತಾ ಅಂದ್ಯಲ್ಲ."

ಎರಡು ದಿನ ಬಿಟ್ಟು ಮಾಮ ತಾನೇ ಬಂದ. ವಕೀಲರಿಲ್ಲದೆ ಆರೋಪಿಗಳು ಸೇರಬಾರದು ಅಂತ ಕೋರ್ಟಿನ ಷರತ್ತಿತ್ತು. ಆದ್ದರಿಂದ ಕ್ರೆಸ್ಲರನ ಕಿರಿಯನೊಬ್ಬನನ್ನು ಕರೆತಂದು, ಅವನನ್ನು ಮೇಲಿನ ಸೋಫಾದಲ್ಲಿ ಕೂರಿಸಿ, ತಾನು ಮೆಲ್ಲಗೆ ಒಂದೊಂದೇ ಮೆಟ್ಟಿಲು ಇಳಿದು ನೆಲಮಾಳಿಗೆಗೆ ಬಂದ. ನಾನು ಅಸುಂತಕ್ಕನ ಜೊತೆ ಕೂತು ಬಟಾಣಿ ಸುಲಿಯುತ್ತಿದ್ದೆ. ಎದ್ದು ಹೊರಟರೆ ಅವರು ಕಾಲಿನಿಂದ ನನ್ನ ಕುರ್ಚಿಯನ್ನು ತಡೆದರು.

ಮಾಮ ಟೋಪಿ ತೆಗೆದು ಮೇಜಿನ ಮೇಲಿಟ್ಟು ತನ್ನ ಎಂದಿನ ಕುರ್ಚಿಯಲ್ಲಿ ಕೂತ. "ಅಸುಂತಾ," ಅಂದ, "ನೀರು ಬಿಡಮ್ಮ."

ಅಸುಂತಕ್ಕ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಲ್ಲಿ ಅಲ್ಲೇ ಇದೆ ಮಾಮ. ನೀವೇ ಬಿಡಿ."

ಬಂದರಿನಲ್ಲಿ ಅವನ ಒಂದು ಕಣ್ಸನ್ನೆಗೆ ಹಡಗುಗಳು ನಿಲ್ಲುತ್ತಿದ್ದವು ಅಂತ ಜನ ಹೇಳುತ್ತಿದ್ದರು. ಮಾಮ ಎದ್ದ. ಸಿಂಕಿನ ಮುಂದೆ ನಿಂತು ನಲ್ಲಿಯನ್ನು ಬಲಕ್ಕೆ ತಿರುಗಿಸಿದ; ಬರಲಿಲ್ಲ. ಇನ್ನೂ ಜೋರಾಗಿ ಬಲಕ್ಕೆ. ಅದು ಎಡಕ್ಕೆ ತಿರುಗುವ ಹಳೆಯ ನಲ್ಲಿ, ಮೊದಲು ಮೇಲಕ್ಕೆ ಸ್ವಲ್ಪ ಎತ್ತಬೇಕು. ಇಪ್ಪತ್ತು ವರ್ಷ ಆ ನಲ್ಲಿಗೆ ಮೂರು ಗಜ ದೂರ ಕೂತವನಿಗೆ ಅದು ಗೊತ್ತಿರಲಿಲ್ಲ. ಕೊನೆಗೆ ಏನು ಮಾಡಿದನೋ, ನೀರು ಒಂದೇ ಸಲಕ್ಕೆ ಚಿಮ್ಮಿ ಸಿಂಕಿನಲ್ಲಿದ್ದ ಸೌಟಿಗೆ ಬಡಿದು ಅವನ ತೋಳು, ಎದೆ ಎಲ್ಲ ಒದ್ದೆಯಾಯಿತು. ನಾನು ನಗಲಿಲ್ಲ, ದೇವರಾಣೆ. ಅಷ್ಟು ಭಯವಿತ್ತು.

ಅಸುಂತಕ್ಕ ಎದ್ದು ಹೋಗಿ ನಲ್ಲಿ ನಿಲ್ಲಿಸಿ, ಅವನಿಗೊಂದು ಬಟ್ಟೆ ಕೊಟ್ಟರು.

"ಒಂದೇ ಮೇಜು ಅಂತ ಮಾತಾಗಿತ್ತು," ಅಂದ ಮಾಮ. ಧ್ವನಿ ಮೃದುವಾಗಿಯೇ ಇತ್ತು. "ಒಬ್ಬರು ಎದ್ದುಹೋದ್ರೆ ಮೇಜು ಅಲುಗಾಡುತ್ತೆ. ನನ್ನ ಜನಕ್ಕೆ ಅದು ಹಿಡಿಸಲ್ಲ. ಗೈತಾನೊಗೂ ಒಳ್ಳೇದಲ್ಲ."

"ಆ ಮೇಜಲ್ಲಿ ನಂಗೆ ಕುರ್ಚಿ ಯಾವತ್ತಿತ್ತು ಮಾಮ? ನಾನು ನಿಂತೇ ಇದ್ದೆ. ನಿಮ್ಮ ಮೇಲೆ ಒಂದು ಮಾತೂ ಆಡಲ್ಲ, ಯಾರು ಕೇಳಿದ್ರೂ ಆಡಲ್ಲ. ನಾನು ಪಾತ್ರೆ ತೊಳ್ದೆ, ನೀರು ನಿಲ್ಲಿಸ್ದೆ. ಅದನ್ನ ಹೇಳೋಕೆ ಒಬ್ಬರು ಬೇಕು. ನಿಮ್ಮ ವಕೀಲ ಅದನ್ನ ಹೇಳಿದ್ರೆ ನಿಮಗೆ ಕಷ್ಟ, ಹೇಳ್ದಿದ್ರೆ ನಂಗೆ ಕಷ್ಟ. ಅವನು ಯಾರ ಕಷ್ಟ ನೋಡ್ತಾನೆ, ನೀವೇ ಹೇಳಿ."

ಮಾಮ ತೋಳು ಒರೆಸಿಕೊಂಡ. ಬಹಳ ಹೊತ್ತು ಆ ನಲ್ಲಿಯನ್ನೇ ನೋಡುತ್ತಿದ್ದ. ಆಮೇಲೆ ಟೋಪಿ ಎತ್ತಿಕೊಂಡು, "ಮಧ್ಯಾಹ್ನದ ಬುತ್ತಿ?" ಅಂತ ಕೇಳಿದ. ಬೆದರಿಕೆಯೋ, ನಿಜವಾದ ಚಿಂತೆಯೋ, ನನಗಿನ್ನೂ ಗೊತ್ತಾಗಿಲ್ಲ.

"ನಿಮ್ಮ ಸೊಸೆಯಂದಿರೂ ಮಾಡಲ್ಲ ಅಂದ್ರೆ ಕ್ಯಾಂಟೀನು ಇದೆ," ಅಂದರು ಅಸುಂತಕ್ಕ.

ಆ ಮೇಲಿನ ಮೂರು ವಾರ ಬೀದಿಯಲ್ಲಿ ಕೆಲವರು ಅವರ ಜೊತೆ ಮಾತು ಬಿಟ್ಟರು. ಬೇಕರಿಯವನು ಬ್ರೆಡ್ಡನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟ. ಗೈತಾನೊ ಮನೆಯಲ್ಲಿ ಉಣ್ಣುತ್ತಿದ್ದ, ಮಾತಾಡುತ್ತಿರಲಿಲ್ಲ. ಅಸುಂತಕ್ಕ ಬಡಿಸುವುದನ್ನು ನಿಲ್ಲಿಸಲಿಲ್ಲ; ಅವನು ಉಂಡ ತಟ್ಟೆಯನ್ನು ಮಾತ್ರ ಮೇಜಿನ ಮೇಲೆಯೇ ಬಿಟ್ಟರು. ಮೂರು ದಿನಕ್ಕೆ ಮೂರು ತಟ್ಟೆ ಒಂದರ ಮೇಲೊಂದು ಕೂತವು. ನಾಲ್ಕನೆಯ ದಿನ ಅವನು ತಾನೇ ಅವನ್ನು ಸಿಂಕಿಗೆ ತಂದು ಹಾಕಿದ. ತೊಳೆಯಲಿಲ್ಲ.

ನ್ಯಾಯಾಧೀಶರು ಒಪ್ಪಿಗೆ ಕೇಳುವ ದಿನ ಕೋರ್ಟು ಕಿಕ್ಕಿರಿದಿತ್ತು. ಅಸುಂತಕ್ಕ ಕಪ್ಪು ಬಟ್ಟೆ ಹಾಕಿರಲಿಲ್ಲ. ಒರ್ನೆಲ್ಲಾಳ ಮದುವೆಗೆ ಹೊಲಿಸಿದ್ದ ನೀಲಿ ಕೋಟು. ನ್ಯಾಯಾಧೀಶರು ಒಬ್ಬೊಬ್ಬರನ್ನೇ ಎಬ್ಬಿಸಿದರು. ನಿಮ್ಮ ವಕೀಲರೇ ಇನ್ನೊಬ್ಬರ ಪರವಾಗಿಯೂ ವಾದಿಸಿದರೆ ನಿಮಗಾಗಿ ಹೇಳಬೇಕಾದ್ದನ್ನು ಹೇಳಲಾಗದೆ ಹೋಗಬಹುದು, ಗೊತ್ತೇ? ಗೊತ್ತು, ಒಪ್ಪಿಗೆ. ಮಾಮ, ಒಪ್ಪಿಗೆ. ಗೈತಾನೊ, ನೆಲ ನೋಡುತ್ತಾ, ಒಪ್ಪಿಗೆ. ಎಂಟು ಸಲ ಅದೇ ಮಾತು, ಒಂದೇ ಧ್ವನಿಯಲ್ಲಿ.

"ಅಸುಂತಾ ಕಾರ್ಡಿಲ್ಲೊ."

ಎದ್ದರು. ಎರಡೂ ಕೈ ಮುಂದಿನ ಕಂಬಿಯ ಮೇಲಿಟ್ಟರು. "ಒಪ್ಪಿಗೆ ಇಲ್ಲ, ಸ್ವಾಮಿ."

ಕ್ರೆಸ್ಲರ್ ಛಂಗನೆ ಎದ್ದ. "ಸ್ವಾಮಿ, ಇವರಿಗೆ ವಯಸ್ಸಾಗಿದೆ, ಭಾಷೆ ಸರಿಯಾಗಿ..."

"ಭಾಷೆ ಸರಿಯಾಗೇ ಅರ್ಥ ಆಗಿದೆ," ಅಂದರು ಅಸುಂತಕ್ಕ. ನ್ಯಾಯಾಧೀಶರು ಕ್ರೆಸ್ಲರನನ್ನು ಕೂರಿಸಿ ಕಾರಣ ಕೇಳಿದರು.

"ಇವರಿಗೆ ಎಂಟು ಜನ ಗಂಡಸರು, ಜೊತೆಗೆ ನಾನು. ನಾನು ಜನ್ಮವೆಲ್ಲ ಬಡಿಸಿದೋಳು ಸ್ವಾಮಿ. ಮೊದಲು ಯಾರ ತಟ್ಟೆ ತುಂಬುತ್ತೆ, ತಳದಲ್ಲಿ ಉಳಿದಿದ್ದು ಯಾರಿಗೆ ಅಂತ ನಂಗೆ ಗೊತ್ತು. ನಂಗೆ ಬೇರೆ ವಕೀಲರು ಬೇಕು. ಯಾರು ಅಂತ ನೋಡಿ ಇಟ್ಟಿದೀನಿ. ಅಲ್ಲಿ, ತಂತಿಬುಟ್ಟಿ ಇಟ್ಕೊಂಡು ಕೂತಿದಾರೆ."

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಪಟ್ಟಿ ತರಿಸಿ ನೋಡಿ, ಹ್ಯಾರಿಯೆಟ್ ಡೌಡ್‌ಳನ್ನು ನೇಮಿಸಿದರು. ಅವಳು ಬುಟ್ಟಿ ಎಳೆದುಕೊಂ‍ಡು ಮುಂದೆ ಬಂದಳು. ಒಂದು ಚಕ್ರ ಕೀಚಲು ಸದ್ದು ಮಾಡುತ್ತಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಕಾರಿಡಾರಿನ ಬೆಂಚಿನ ಮೇಲೆ ಎಂಟು ಜನರೂ ಸಾಲಾಗಿ ಕೂತು, ಅಸುಂತಕ್ಕನ ಕೈಯಲ್ಲಿದ್ದ ಚೀಲವನ್ನು ತಮಗರಿವಿಲ್ಲದೆಯೇ ನೋಡಿದರು. ಅವರು ಚೀಲ ಬಿಚ್ಚಿದರು. ಮೆಣಸಿನಕಾಯಿ-ಮೊಟ್ಟೆ ತುಂಬಿದ ಬ್ರೆಡ್ಡು ಮೂರು ಇದ್ದವು. ಒಂದು ಡೌಡ್‌ಗೆ, ಒಂದು ನನಗೆ. ಮೂರನೆಯದನ್ನು ತಾವೇ ಕೂತು ತಿಂದರು. ಅವರು ಕೂತು ತಿಂದದ್ದನ್ನು ನಾನು ಕಂಡದ್ದು ಅಪರೂಪ.

ಸೆಪ್ಟೆಂಬರಿನಲ್ಲಿ ಅವರ ವಿಚಾರಣೆ ಪ್ರತ್ಯೇಕವಾಗಿ ನಡೆಯಿತು. ಡೌಡ್ ಹೆಚ್ಚು ಮಾತಾಡಲಿಲ್ಲ. ನಲವತ್ತೊಂದು ಟೇಪಿನಿಂದ ನಲವತ್ತೊಂದು ತುಣುಕು ಕೇಳಿಸಿದಳು: ಕೊನೆಯ ಕಪ್ಪು, ನಲ್ಲಿಯ ಕಿರ್, ನೀರು ನಿಂತ ಮೇಲಿನ ಗಂಡಸರ ಧ್ವನಿ. ಹದಿನೈದನೆಯದರ ಹೊತ್ತಿಗೆ ತೀರ್ಪು ಹೇಳುವವರ ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಹನ್ನೆರಡು ಜನ ಒಳಗೆ ಹೋಗಿ ಐವತ್ತು ನಿಮಿಷಕ್ಕೆ ಹೊರಬಂದರು. ತಪ್ಪಿಲ್ಲ, ಮೂರೂ ಆರೋಪಕ್ಕೆ.

ಗಂಡಸರ ವಿಚಾರಣೆ ಆ ಚಳಿಗಾಲ ಮುಗಿಯಿತು. ಗೈತಾನೊಗೆ ಆರು ವರ್ಷ. ಅಸುಂತಕ್ಕ ತಿಂಗಳಿಗೊಂದು ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋಗಿ ನೋಡುತ್ತಿದ್ದರು. ಮೊದಲ ಕೆಲವು ಸಲ ಅವನು ಮಾತಾಡಲಿಲ್ಲವಂತೆ. ಆಮೇಲೊಂದು ಸಲ ನಾನೂ ಜೊತೆಗೆ ಹೋಗಿದ್ದೆ. ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದ. ಬೆರಳ ತುದಿಗಳೆಲ್ಲ ನೀರಲ್ಲಿ ನೆನೆದು ಸುಕ್ಕಾಗಿದ್ದವು.

"ಪಾತ್ರೆಗೆ ಹಾಕಿದಾರೆ," ಅಂದ.

"ಎಷ್ಟು ಜನಕ್ಕೆ?"

"ನಾನೂರು. ದಿನಕ್ಕೆ ಮೂರು ಸಲ." ಅಸುಂತಕ್ಕನ ಮುಖ ನೋಡದೆ ಕೇಳಿದ. "ಎಂಟು ಜನದ್ದು ಹನ್ನೊಂದೇ ನಿಮಿಷಕ್ಕೆ ಹೇಗೆ ಮುಗಿಸ್ತಿದ್ದೆ?"

ಅಸುಂತಕ್ಕ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಹೇಳತೊಡಗಿದರು. ಮೊದಲು ಗಾಜಿನದು, ಆಮೇಲೆ ಜಿಡ್ಡಿಲ್ಲದ್ದು, ಬಾಣಲೆ ಕೊನೆಗೆ. ಅವನು ತಲೆ ತಗ್ಗಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದ.